ಇಪ್ಪತ್ತನಾಲ್ಕು ಮೆಟ್ಟಿಲು

ಉಪ್ಪಳದಲ್ಲಿ ಇಳಿಯುವಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ:
"ಟೀಚರೇ, ಇದರೊಳಗೆ ಯಾರು?"
ಮಗುವನ್ನು ಹೊತ್ತ ಹಾಗೆ ಹೊತ್ತಿರುತ್ತೇನೆ,
ಕೊಡದ ಕಡೆ ಹೊಟ್ಟೆಗೆ, ಯಾಳಿಯ ಕಡೆ ಹೆಗಲಿಗೆ.
"ಹಲಸಿನ ಮರ" ಅನ್ನುತ್ತೇನೆ. ಸುಳ್ಳಲ್ಲ.

ಸೋಮವಾರ ಉಪ್ಪಳ, ಮಂಗಳವಾರ ಕುಂಬಳೆ,
ಉಳಿದ ದಿನ ತಾಳಿಪಡ್ಪಿನ ನನ್ನದೇ ಚಾವಡಿ.
ಚಾವಡಿ ಅಂದರೆ ಕಾರಿಲ್ಲದ ಕಾರ್‌ಶೆಡ್ಡು.
ಒಬ್ಬಳಿಗೆ ಕನ್ನಡದಲ್ಲಿ ಸರಳೆ, ಒಬ್ಬಳಿಗೆ ಮಲಯಾಳದಲ್ಲಿ,
ಕೊಂಕಣಿಯ ಪೋರನಿಗೆ ಗದರುವುದು ಮಾತ್ರ ತುಳುವಿನಲ್ಲಿ.
ಸರಿಗಮ ಯಾವ ಭಾಷೆಯೆಂದು
ಗಣತಿಯವರು ಕೇಳಿದ್ದರೆ ಬರೆಸುತ್ತಿದ್ದೆ:
ಮನೆಮಾತು.

ನವೆಂಬರು ಬಂತೆಂದರೆ ನಾನು ದೊಡ್ಡ ಮನುಷ್ಯಳು.
ಕಲೋತ್ಸವ! ಎ ಗ್ರೇಡು ಸಿಕ್ಕಿದರೆ ಗ್ರೇಸ್ ಮಾರ್ಕು.
ಎರಡು ತಿಂಗಳಲ್ಲಿ ಒಂದು ವರ್ಣ ಒಳಗಿಳಿಸಬೇಕು
ಬಾಯಿ ಸಣ್ಣದಿರುವ ಕೊಡಪಾನಕ್ಕೆ ನೀರಿಳಿಸಿದ ಹಾಗೆ.
ಅಪ್ಪಂದಿರು ಸ್ಕೂಟರಿನಿಂದ ಇಳಿಯದೆಯೇ ಕೇಳುತ್ತಾರೆ,
"ಹತ್ತು ನಿಮಿಷಕ್ಕೆ ಸಾಕಲ್ಲ?"
ಸಾಕು. ಹತ್ತು ನಿಮಿಷಕ್ಕೆ ಸಾಕು.
ಫೆಬ್ರವರಿಯಲ್ಲಿ ಕಾರ್‌ಶೆಡ್ಡು ಮತ್ತೆ ಕಾರ್‌ಶೆಡ್ಡು.

ಕಚೇರಿಗಳೂ ಇವೆ, ಇಲ್ಲವೆಂದಲ್ಲ.
ಆಕಾಶವಾಣಿಯಲ್ಲಿ ಬಿ ಗ್ರೇಡು, ಹತ್ತೊಂಬತ್ತು ವರ್ಷದಿಂದ ಅದೇ ಬಿ.
ಕರೆ ಬಂದಾಗ ಮಂಗಳೂರಿಗೆ ಹೋಗಿ
ಗಾಜಿನಾಚೆಯ ಒಬ್ಬ ಮನುಷ್ಯನಿಗೆ ನುಡಿಸಿ ಬರುತ್ತೇನೆ.
ನೀಲೇಶ್ವರದ ಮದುವೆ ಹಾಲಿನಲ್ಲಿ, ಎಲೆ ಹಾಕುವ ಹೊತ್ತಿಗೆ,
ಮೈಕು ಹಿಡಿದವನು ಹೇಳಿದ: "ಈಗ ಸಿತಾರ್."
ತಿದ್ದಲಿಲ್ಲ. ಕಲ್ಯಾಣಿ ತೆಗೆದೆ.
ಸಾಂಬಾರಿನ ಬಕೆಟ್ಟೊಂದು ನನ್ನ ತಾಳಕ್ಕೇ ನಡೆದು ಹೋಯಿತು.
ಅಷ್ಟು ಸಾಕಾಯಿತು ಅಂತ ಹೇಳಲಾರೆ.
ಆದರೆ ಒಂದು ಸ್ವರವನ್ನೂ ಅಗ್ಗಕ್ಕೆ ಬಿಡಲಿಲ್ಲ.

ಮೇ ತಿಂಗಳ ರೈಲಿನಲ್ಲಿ ಮೇಣ ಬೆವರುತ್ತದೆ.
ಕಪ್ಪು ಮೇಣದ ಮೇಲೆ ಕೂತ ಇಪ್ಪತ್ತನಾಲ್ಕು ಕಂಚಿನ ಮೆಟ್ಟಿಲು.
ಕೂದಲೆಳೆಯಷ್ಟು ಜಾರಿದರೂ ಗಾಂಧಾರ
ನೆರೆಮನೆಯ ಗಾಂಧಾರ.
ತಂಜಾವೂರಿನಿಂದ ಕಲಿಯಮೂರ್ತಿ ಬರುತ್ತಿದ್ದ, ಎರಡು ವರ್ಷಕ್ಕೊಮ್ಮೆ,
ಚೀಲದಲ್ಲಿ ಇದ್ದಿಲಪುಡಿ, ಜೇನುಮೇಣ, ಒಂದು ಕಬ್ಬಿಣದ ಸಟ್ಟುಗ.
ಎಲ್ಲವನ್ನೂ ಕಿತ್ತು, ಒಂದೊಂದನ್ನೇ
ಕಿವಿಯಿಂದ ಮತ್ತೆ ಕೂರಿಸುತ್ತಿದ್ದ.
ಬೋಳು ದಂಡಿ ನೋಡಲಾರದೆ ನಾನು ಚಹಾಕ್ಕೆ ಏಳುತ್ತಿದ್ದೆ.
ಈಗ ಅವನ ಫೋನು ಮಗ ಎತ್ತುತ್ತಾನೆ.
ಮಗನದು ಕೀಬೋರ್ಡು ರಿಪೇರಿಯಂತೆ.
ಕಳೆದ ಸಲ ನಾನೇ ಕೂತೆ, ಸೊಸೆಯ ಹೇರ್ ಡ್ರೈಯರು ಹಿಡಿದು,
ಮೂರು ರಾತ್ರಿ. ಹದಿನೇಳನೆಯದು
ಇವತ್ತಿಗೂ ಸ್ವಲ್ಪ ಮುನಿಸಿಕೊಂಡೇ ಇದೆ.

ಈ ವರ್ಷ ಜಾರಿದ್ದು ಮೇಣವಲ್ಲ,
ಎಡಗೈಯ ತೋರುಬೆರಳಿನ ಗಂಟು.
ನುಳ್ಳಿಪ್ಪಾಡಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಹುಡುಗಿ
ಬೆರಳುಗಳನ್ನು ಬಿಡಿಸಿ ಪ್ಲೇಟಿನ ಮೇಲಿಡುವಾಗ
ತುದಿಯ ತಂತಿಗೆರೆ ಮುಟ್ಟಿ ನಿಂತಳು.
"ಟೀಚರಲ್ಲವಾ? ನಾನು ಜಸೀಲಾ. ಮೋಹನ ವರ್ಣ."
ಹೆಸರಿನ ಜೊತೆಗೇ ರಾಗ ಹೇಳಿದಳು,
ನಮ್ಮ ಕಡೆಯವರು ತರವಾಡು ಹೇಳುವ ಹಾಗೆ.
ಎ ಗ್ರೇಡು ತೆಗೆದವಳು. ಆಮೇಲೆ ಬಾರದವಳು.
ಬೈಯಬಹುದಿತ್ತು. ಅಷ್ಟರಲ್ಲಿ ಅವಳೇ,
"ಅಲುಗಬಾರದು" ಅಂದಳು, ನನ್ನದೇ ದನಿಯಲ್ಲಿ.

ಸೀಸದ ಗೋಡೆಯ ಹಿಂದೆ ಹೋದವಳು
ಗುಂಡಿ ಒತ್ತುವ ಮೊದಲು, ತನಗೇ ತಿಳಿಯದೆ, ಗುನುಗಿದಳು.
ಎರಡನೆಯ ಸಾಲಿನ ಧೈವತ
ಎಳೆಯದೆ, ಸುಮ್ಮನೆ ಮುಟ್ಟಿ ಬಿಟ್ಟಳು.
ಆಗಲೂ ಅಲ್ಲೇ ತಪ್ಪುತ್ತಿದ್ದಳು.

ಬೆರಳು ತಾನಾಗಿ ಎದ್ದು ತಿದ್ದಿತು.

ಚಿತ್ರ ಅಲುಗಿಹೋಯಿತು.
ಇನ್ನೊಮ್ಮೆ ತೆಗೆಯಬೇಕಾಯಿತು.