ಕೇಳುವ ತಂತಿ

ಶಿವಮೊಗ್ಗದ ಆಟೋ ಕಾಂಪ್ಲೆಕ್ಸು, ತಗಡಿನ ಶೆಡ್ಡು,
ಏಪ್ರಿಲ್ಲಿನ ಮಧ್ಯಾಹ್ನ ಎರಡು ಗಂಟೆ.
ಬಾನೆಟ್ಟು ಬಿಚ್ಚಿಟ್ಟ ಜಿಪ್ಸಿಯ ಎದೆಯೊಳಗೆ
ಬಲೆನೊ ಕಾರಿನ ಇಂಜಿನ್ನು ಕೂತಿದೆ.
ಕಡೂರಿನ ಹತ್ತಿರ ಲಾರಿಗೆ ಗುದ್ದಿ
ಹಿಂದಿನಿಂದ ಮುದ್ದೆಯಾದ ಕಾರು.
ಇಂಜಿನ್ನಿಗೆ ಒಂದು ಗೀರೂ ಇಲ್ಲ.

ಕೂರಿಸುವುದು ರೇವಣ್ಣನ ಕೆಲಸ. ಕೂರಿಸಿದ,
ದುಡ್ಡು ಎಣಿಸಿಕೊಂಡ, ಹೋದ.
ಮಾತಾಡಿಸುವುದು ನಮ್ಮದು.

ಗಾಡಿಯ ತಂತಿ ಒಂದು ಕಂತೆ, ಇಂಜಿನ್ನಿನದು ಇನ್ನೊಂದು.
ಇಲ್ಲಿ ಕೆಂಪಾಗಿದ್ದದ್ದು ಅಲ್ಲಿ ಕಪ್ಪಿನ ಮೇಲೆ ಬಿಳಿಗೆರೆ.
ಇಬ್ಬರು ವಾರಗಿತ್ತಿಯರ ಒಂದೇ ಅಡುಗೆಮನೆ:
ಉಪ್ಪಿನ ಡಬ್ಬಿ ಎಲ್ಲಿ ಅಂತ ಇಬ್ಬರಿಗೂ ಗೊತ್ತು,
ಜಾಗ ಮಾತ್ರ ಬೇರೆ ಬೇರೆ.

ಯಡೂರಿಗೆ ಎಸಿ ಯಾಕ್ರೀ, ಅಂತ ನಕ್ಕಿದ್ದೆ ನಾನು.
ಬಸ್ತ್ಯಾಂವ ಮೇಸ್ತ್ರಿ ನಗಲಿಲ್ಲ.
ತಂಪಿಗಲ್ಲ ಮಾರಾಯ.
ಆಗಸ್ಟಲ್ಲಿ ಹುಲಿಕಲ್ ಇಳಿಯುವಾಗ
ಹಿಂದೆ ಆರು ಜನ ಆಳು ಉಸಿರು ಬಿಟ್ಟರೆ
ಎದುರಿನ ಗಾಜು ಹಾಲು ಚೆಲ್ಲಿದ ಹಾಗೆ.
ಒಂದು ಕೈಲಿ ಸ್ಟೇರಿಂಗು, ಇನ್ನೊಂದರಲ್ಲಿ ಟವೆಲ್ಲು.
ನನಗೆ ಕಾಣಬೇಕು, ಅಷ್ಟೆ.

ಉಸ್ತಾದರು ನಮಾಜಿಗೆ ಹೋಗಿದ್ದ ಹೊತ್ತಲ್ಲಿ
ಸ್ವಿಚ್ಚಿನಿಂದ ರಿಲೇಗೆ, ರಿಲೇಯಿಂದ ಕಂಪ್ರೆಸರಿಗೆ
ನೇರ ಎಳೆದೆ. ತಂಪು ಬಂತು. ಮೀಸೆ ತಿರುವಿದೆ,
ಇರುವಷ್ಟು ಮೀಸೆ.
ಸಂಜೆ ಗೋಪಿ ಸರ್ಕಲ್ಲಿನ ಕೆಂಪು ದೀಪಕ್ಕೆ ನಿಂತ ಗಾಡಿ
ಒಮ್ಮೆ ನಡುಗಿ, ಬಿಕ್ಕಿ, ಆರಿಹೋಯಿತಂತೆ.
ಹಿಂದಿನ ಬಸ್ಸಿನವನು ಬೈದದ್ದನ್ನು
ಬಸ್ತ್ಯಾಂವ ಒಂದಕ್ಷರ ಬಿಡದೆ ನನಗೆ ಒಪ್ಪಿಸಿದ.

ಕಲಂದರ್ ಉಸ್ತಾದರು ಬಾನೆಟ್ಟಿನ ಮೇಲೆ ಬಾಗಿ
ನನ್ನ ತಂತಿಯನ್ನು ಬೆರಳಲ್ಲೇ ಹಿಂಬಾಲಿಸಿದರು.
ಕುಬೇರಾ,
ಉಣ್ಣುತ್ತಾ ಕೂತವನ ಹೆಗಲಿಗೆ
ಹೇಳದೆ ಕೇಳದೆ ಮೂಟೆ ಇಟ್ಟೆಯಲ್ಲ.

ಹಳೆಯ ಜಿಪ್ಸಿಯ ಫ್ಯಾನು ಬೆಲ್ಟಿನದು,
ಇಂಜಿನ್ನು ತಿರುಗಿದರೆ ತಾನೂ ತಿರುಗುತ್ತಿತ್ತು, ಮಾತಿಲ್ಲ ಕತೆಯಿಲ್ಲ.
ಇದು ಹಾಗಲ್ಲ. ಇದಕ್ಕೊಂದು ಮಿದುಳಿನ ಡಬ್ಬಿ ಇದೆ,
ಡಬ್ಬಿಗೆ ಒಂದು ಕೇಳುವ ತಂತಿ ಇದೆ.
ಸ್ವಿಚ್ಚು ಒತ್ತಿದರೆ ಅದು ಹುಕುಮ್ ಅಲ್ಲ, ಅರ್ಜಿ.
ಗ್ಯಾಸಿನ ಒತ್ತಡ ಸರಿ ಇದೆಯಾ, ನೀರು ಕಾದಿದೆಯಾ,
ನೋಡಿಕೊಂಡು, ಕಾಲು ಗಟ್ಟಿ ಊರಿ,
ಆಮೇಲೆ, ಹೂಂ, ಇಡು ಅನ್ನುತ್ತದೆ.

ರಾತ್ರಿ ಹನ್ನೊಂದರವರೆಗೆ ಬಿಚ್ಚಿದೆವು, ಕಟ್ಟಿದೆವು.
ಇದು ಯಾವ ಬಣ್ಣ ಹೇಳು, ಅಂದರು. ಹಸಿರು, ಅಂದೆ.
ಇದು? ಕಂದು.
ಏಳು ವರ್ಷದಿಂದ ಹೀಗೆ ಕೇಳುತ್ತಲೇ ಇದ್ದಾರೆ,
ಪರೀಕ್ಷೆ ಅಂದುಕೊಂಡೇ ಉತ್ತರ ಕೊಟ್ಟಿದ್ದೆ.
ಬಣ್ಣವನ್ನು ನಂಬಬೇಡ, ಟೆಸ್ಟ್ ಬಲ್ಬನ್ನು ನಂಬು
ಅನ್ನುತ್ತಿದ್ದದ್ದನ್ನು ದೊಡ್ಡ ಮಾತು ಅಂತ
ಸಾಗರದ ಹುಡುಗರಿಗೆಲ್ಲ ಹೇಳಿದ್ದೆ.
ಹಸಿರನ್ನೂ ಕಂದನ್ನೂ ಎರಡು ಕೈಯಲ್ಲಿ ಹಿಡಿದು
ಬಲ್ಬಿನ ಕೆಳಗೆ ಅವರು ನಿಂತೇ ಇದ್ದರು,
ಒಂದೇ ತಂತಿಯ ಎರಡು ತುದಿ ನೋಡುವ ಹಾಗೆ.

ನಾನು ಏನೂ ಅನ್ನಲಿಲ್ಲ. ಟೇಪು ಹುಡುಕುವ ನೆಪ ಮಾಡಿದೆ.

ಬೆಳಗ್ಗೆ ಸ್ವಿಚ್ಚು ಒತ್ತಿದೆ.
ಏನೂ ಆಗಲಿಲ್ಲ, ಅರೆಗಳಿಗೆ.
ಆ ಅರೆಗಳಿಗೆಯಲ್ಲಿ ಇಂಜಿನ್ನಿನ ದನಿ
ಒಂದು ಮೆಟ್ಟಿಲು ಹತ್ತಿತು,
ರೇಡಿಯೇಟರಿನ ಮುಂದೆ ಫ್ಯಾನು ಎಚ್ಚೆತ್ತಿತು,
ಆಮೇಲೆ
ಟಕ್.
ಗಾಡಿ ಅಲುಗಲಿಲ್ಲ. ಕೆಳಗೆ ಸಿಮೆಂಟಿನ ಮೇಲೆ
ಸ್ವಲ್ಪ ಹೊತ್ತಿಗೆ ನೀರು ತೊಟ್ಟಿಕ್ಕಿತು.

ಕೊನೆಗೆ ಗುರುತು ಹಾಕುವಾಗ ಬಣ್ಣದ ಟೇಪು ಬಿಟ್ಟು
ಗೋಣಿ ಹೊಲಿಯುವ ದಾರ ಕಟ್ಟಿದೆ:
ಫ್ಯಾನಿಗೆ ಒಂದು ಗಂಟು, ಕಂಪ್ರೆಸರಿಗೆ ಎರಡು,
ಕೇಳುವ ತಂತಿಗೆ ಮೂರು.
ಉಸ್ತಾದರು ಯಾಕೆ ಅಂತ ಕೇಳಲಿಲ್ಲ.
ಕಣ್ಣು ಬೇರೆಲ್ಲೋ ಇಟ್ಟು, ಬೆರಳಿಟ್ಟು ಎಣಿಸಿದರು.
ಮೂರು, ಅಂದರು.

ಎಂಟುನೂರು ಬಾಕಿ ಉಳಿಸಿ
ಬಸ್ತ್ಯಾಂವ ಗಾಡಿ ತಗೊಂಡು ಹೋದ.