ಸಲಾಕಿ ಓದುವುದು

ಹದಿನಾಲ್ಕು ಸಮೀಕರಣ, ಒಂದೇ ದಿಕ್ಕು: ಎತ್ತರ.
ಮೇಲಿಂದ ಕಲ್ಲಿದ್ದಲು ಇಳಿಯುತ್ತದೆ,
ಕೆಳಗಿಂದ ಉಗಿಯೂ ಗಾಳಿಯೂ ಏರುತ್ತವೆ,
ನಡುವೆ ಎಲ್ಲೋ ಬೆಂಕಿ.
ಗೋಡೆಯಿಂದ ಶಾಖ ಸೋರದು ಎಂದುಕೊಳ್ಳೋಣ, ಎಂದು ಬರೆದಿದ್ದೆ,
ಹೊತ್ತು ಕಳೆದರೂ ಏನೂ ಬದಲಾಗದು ಎಂದುಕೊಳ್ಳೋಣ.
ವಿದ್ಯಾನಗರದ ಮೂರನೇ ಮಹಡಿಯ ಲ್ಯಾಬಿನಲ್ಲಿ
ಎಂದುಕೊಳ್ಳುವುದಕ್ಕೆ ಕಾಸು ಬೀಳುವುದಿಲ್ಲ.

ತಾರಿಹಾಳದ ಕಾರ್ಖಾನೆ ಕಳಿಸಿದ ಅಳತೆಗೂ ನನ್ನ ಗೆರೆಗೂ
ನೂರಾ ಹತ್ತು ಡಿಗ್ರಿ ಜಗಳ.
ಹಾಗಾಗಿ ಹೋದೆ.

ಮೌಲಾಸಾಬ ಹತ್ತಿಮತ್ತೂರ, ಗ್ಯಾಸ್ ಭಟ್ಟಿಯ ಮೇಸ್ತ್ರಿ,
ಚಹಾ ತರಿಸಿದ. ನನ್ನ ಗ್ರಾಫು ಇಸಿದುಕೊಂಡು
ಅಡ್ಡ ಇದ್ದದ್ದನ್ನು ತಿರುಗಿಸಿ ಉದ್ದಕ್ಕೆ ಹಿಡಿದ.
'ಈಗ ಭಟ್ಟಿ ಆತು ನೋಡ್ರಿ ಅಕ್ಕಾರ.'

ಆಮೇಲೆ ಮುಚ್ಚಳ ಸರಿಸಿ ಎಂಟಡಿ ಸಲಾಕಿ ಇಳಿಬಿಟ್ಟ.
ಗಡಿಯಾರ ನೋಡಲಿಲ್ಲ. ತುಟಿ ಮಾತ್ರ ಏನೋ ಎಣಿಸುತ್ತಿತ್ತು.
ಎಳೆದು ತೆಗೆದಾಗ
ತುದಿಗೆ ಒಂದು ಗೇಣು ಮಂಕು: ಬೂದಿ.
ಅದರ ಮೇಲೆ ಒಂದು ಗೇಣು ಹಸಿ ಬ್ಯಾಡಗಿ ಕಾಯಿ,
ಮತ್ತೊಂದು ಗೇಣು ಒಣಗಿದ ಬ್ಯಾಡಗಿ ಕಾಯಿ,
ಮೇಲೆಲ್ಲ ಡಾಂಬರು, ಜೋನಿ ಬೆಲ್ಲದಂತೆ ಅಂಟು.
ನನ್ನದೇ ಗೆರೆ, ಕಬ್ಬಿಣದ ಮೇಲೆ,
ಆರುವ ಮೊದಲು ಓದಬೇಕಾದದ್ದು.

ಕೆಂಪಿನ ಉದ್ದವನ್ನು ಗೋಡೆಗೆ ಸುಣ್ಣದಲ್ಲಿ ಗೀಚಿದ.
ಮೂಡಣ ತೂತು, ತೆಂಕಣ ತೂತು, ಸರಿಯಾಗಿಯೇ ಇತ್ತು.
ಪಡುವಣ ತೂತಿನಲ್ಲಿ ಕೆಂಪು ಹಿಡಿಕೆಯ ತನಕ ಹತ್ತಿ ಬಂದಿತ್ತು.
'ಬೆಂಕಿ ವಾಲೇತಿ. ಗಾಳಿ ತಂದs ಒಂದು ದಾರಿ ಮಾಡ್ಕೊಂಡೇತಿ.'
ನನ್ನ ಹದಿನಾಲ್ಕಕ್ಕೂ ಪಡುವಣ ಗೊತ್ತಿಲ್ಲ.
ಎಡಬಲವೇ ಇಲ್ಲದ ಭಟ್ಟಿ ಕಟ್ಟಿದ್ದೆ.

'ಈ ಇಪ್ಪತ್ತೇಳು ಏನ್ರಿ?' ಕಾಗದದ ಮೇಲೆ ಬೆರಳಿಟ್ಟು ಕೇಳಿದ.
ಕಾರ್ಬನ್ ಮೊನಾಕ್ಸೈಡು, ನೂರಕ್ಕೆ ಇಪ್ಪತ್ತೇಳು,
ಹೆಚ್ಚಿದಷ್ಟೂ ಒಳ್ಳೆಯದು, ಎಂದೆ ಹುರುಪಿನಲ್ಲಿ.

ಚಹಾದ ಕಪ್ಪು ಕೆಳಗಿಟ್ಟ.
'ದ್ಯಾಮಣ್ಣ ಅಂತ ಒಬ್ಬಾಂವ ಇದ್ದ ನಮ್ಮಲ್ಲಿ.
ಮುಚ್ಚಳ ಸರಿ ಕುಂತಿರಲಿಲ್ಲ ಆವತ್ತ.
ತಲಿ ಸಿಡ್ಯಾಕ ಹತ್ತೇತಿ, ಐದು ನಿಮಿಷ ಅಡ್ಡ ಆಗ್ತೀನಿ ಅಂದ.
ವಾಸನಿ ಇಲ್ಲ, ಹೊಗಿ ಇಲ್ಲ.
ಎಬ್ಬಿಸಾಕ ಹೋದ್ರ ಮಾರಿ ಕೆಂಪಗ,
ಮದುಮಗನಂಗ.'

ಆ ಕೆಂಪನ್ನು ಅವನು ಯಾವ ಗೋಡೆಗೂ ಗೀಚಿರಲಿಲ್ಲ.

ಚಿಗರಿ ಬಸ್ಸಿನ ತಂಪಿನಲ್ಲಿ ಕೂತು ಕಾಗದ ಬಿಚ್ಚಿದೆ.
ಇಪ್ಪತ್ತೇಳರ ಮೇಲೆ ಡಾಂಬರಿನ ಹೆಬ್ಬೆಟ್ಟು.
'ಎಂದುಕೊಳ್ಳೋಣ' ಇದ್ದಲ್ಲೆಲ್ಲ ಪೆನ್ನು ನಿಂತು ನಿಂತು ಹೋಯಿತು,
ಎರಡನ್ನು ಹೊಡೆದು ಹಾಕಿದೆ.
ಉಣಕಲ್ ದಾಟಿದ್ದೇ ತಿಳಿಯಲಿಲ್ಲ, ನನ್ನ ಸ್ಟಾಪು ಹಿಂದೆ ಉಳಿಯಿತು.

ಈಗ ಭಟ್ಟಿಗೆ ಸುತ್ತಳತೆಯೂ ಉಂಟು.
ನಾಲ್ಕು ನಿಮಿಷದ ಲೆಕ್ಕಕ್ಕೆ ಒಂಬತ್ತು ತಾಸು ಹಿಡಿಯುತ್ತದೆ,
ರಾತ್ರಿ ಹಚ್ಚಿಟ್ಟು ಮನೆಗೆ ಹೋಗುತ್ತೇನೆ.
ಇನ್ನೂ ಮೂವತ್ತು ಡಿಗ್ರಿ ಕೂಡುತ್ತಿಲ್ಲ.
ಅವರ ಅಳತೆಯೇ ತಪ್ಪಿರಬಹುದಲ್ಲ, ಎನ್ನುತ್ತಾರೆ ಗೈಡು.
ಇಲ್ಲ ಸರ್,
ಸುಣ್ಣದ ಗೆರೆ ನಾನು ನೋಡಿದ್ದೇನೆ.