ಎಡಗೈ

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಲ್ಲಿ ನಾವು ಆರು ಹೆಂಗಸರು
ವಾರಕ್ಕೆ ತಲಾ ಒಂದು ಪೌಂಡು ಹಾಕುತ್ತಿದ್ದೆವು ಲಾಟರಿಗೆ.
ದುಡ್ಡು ಯಾರ ಕೈಲಿರಬೇಕು ಅನ್ನುವುದಕ್ಕೂ ಚೀಟಿ ಎತ್ತಿದ್ದಾಯಿತು:
ತಲೆಗೆ ಹಾಕುವ ನೀಲಿ ಬಲೆಯೊಳಗೆ ಆರು ಚೂರು ಕಾಗದ,
ಒಂದರ ಮೇಲೆ ಮಾತ್ರ ಗೀಟು.
ಗೀಟು ನನಗೆ ಬಂತು.
ಪಾಲಿಗೆ ಬಂದದ್ದು ಪಂಚಾಮೃತ, ಅಂದೆ.
ಅವರ ಭಾಷೆಯಲ್ಲಿ ಹೇಳಹೋಗಿ
ಹಾಲು, ಮೊಸರು, ತುಪ್ಪ ಅಂತ ಎಣಿಸುವಷ್ಟರಲ್ಲಿ
ಗಂಟೆ ಬಾರಿಸಿತು, ಬೆಲ್ಟಿನ ಮೇಲೆ ಮತ್ತೆ ಹ್ಯಾಡಕ್ ಮೀನು.

ಮೂರು ಸಾಲಿನ ಟಿಕೆಟ್ಟು. ಎರಡು ಸಾಲು ಯಂತ್ರವೇ ಆರಿಸುವುದು,
ಒಂದು ನಮ್ಮದು, ಆಳಿಗೊಂದು ಅಂಕಿ.
ಮೂವತ್ತಮೂರು ಪಾಲೀನಳದು: ಗಂಡನನ್ನು ಕರೆದೊಯ್ದು
ಹಿಂದಿರುಗದ ದೋಣಿಯ ನಂಬರಿನ ಕೊನೆ.
ಹನ್ನೊಂದು ಇಲ್ಜೆಯದು, ರೀಗಾದಲ್ಲಿ ಬಿಟ್ಟುಬಂದ ಟ್ರಾಮು.
ಗ್ವೆನ್ ಐವತ್ತೊಂಬತ್ತೇ ಬೇಕೆಂದಳು, ಅದಕ್ಕಿಂತ ದೊಡ್ಡದಿಲ್ಲವಾದ್ದರಿಂದ.
ಬೆರಿಲ್ ಪ್ರತಿ ವಾರ ಬದಲಾಯಿಸಿ ಪ್ರತಿ ವಾರ ಹಲುಬುತ್ತಿದ್ದಳು.
ಡಾಟ್‌ಳದು ಯಾವುದೋ ಮರೆತಿದ್ದೇನೆ, ಅವಳೂ ಮರೆಯುತ್ತಿದ್ದಳು.
ನನ್ನದು ಎಂಟು.
ಚೌಕಾಬಾರದಲ್ಲಿ ಕವಡೆ ನಾಲ್ಕೂ ಬೋರಲು ಬಿದ್ದರೆ
ಅಜ್ಜಿ 'ಬಾರಾ' ಎಂದು ನೆಲ ತಟ್ಟುತ್ತಿದ್ದಳಲ್ಲ, ಆ ಎಂಟು.

ಟೀ ಹೊತ್ತಿನಲ್ಲಿ ಗ್ವೆನ್ ಹೇಳುತ್ತಿದ್ದಳು:
ಬಂದರು ರಿಪೇರಿಗೆ ದುಡ್ಡಿಲ್ಲದ ಒಬ್ಬ ರಾಣಿ
ಚರ್ಚಿನ ಬಾಗಿಲಲ್ಲಿ ಹಗಲೂ ರಾತ್ರಿ ಚೀಟಿ ಎತ್ತಿಸಿದಳಂತೆ, ತಿಂಗಳುಗಟ್ಟಲೆ.
ಆಮೇಲೆ ಬಂದವು ಎರಡು ದೊಡ್ಡ ಚಕ್ರ,
ಒಂದರ ಹೊಟ್ಟೆಯಲ್ಲಿ ನಂಬರು, ಇನ್ನೊಂದರಲ್ಲಿ
ಬಹುಮಾನ, ಇಲ್ಲವೆ ಬರಿ ಬಿಳಿ ಹಾಳೆ.
ಸೇತುವೆ ಎದ್ದಿತು, ಮ್ಯೂಸಿಯಮ್ ಎದ್ದಿತು, ಯುದ್ಧವೂ ನಡೆಯಿತು ಅದರಲ್ಲೇ.
ಚಕ್ರಕ್ಕೆ ಕೈ ಹಾಕಲು ದತ್ತಿ ಶಾಲೆಯ ನೀಲಿ ಕೋಟಿನ ಹುಡುಗ.
ಮೋಸವಾಗದಿರಲೆಂದು
ಅವನ ಎಡಗೈಯನ್ನು ಬೆನ್ನ ಹಿಂದೆ ಸಿಕ್ಕಿಸಿಡುತ್ತಿದ್ದರಂತೆ.
'ಅಯ್ಯೋ, ಮೂಗು ತುರಿಸಿದರೆ?' ಅಂದಳು ಡಾಟ್.

ಆ ಶನಿವಾರ ಲಾರಿ ತಡವಾಗಿ ಬಂತು.
ಮಂಜುಗಡ್ಡೆ ಕರಗುವ ಮೊದಲೇ ಮೀನು ಮುಗಿಸಬೇಕು.
ಅಂಗಡಿ ಮುಟ್ಟಿದಾಗ ಏಳು ಮೂವತ್ತನಾಲ್ಕು,
ಮಾರಾಟ ಏಳೂವರೆಗೇ ಬಂದ್.
'ಬುಧವಾರದ್ದು ಕೊಡಲೇ?' ಅಂದ.
ಬುಧವಾರ ನಮ್ಮ ಮಾತಿನಲ್ಲಿ ಇರಲಿಲ್ಲ.
ಎಡ ಜೇಬಿನಲ್ಲಿ ಆರು ನಾಣ್ಯ, ಅದರ ಮೇಲೆ ನನ್ನ ಎಡಗೈ.

ಎಂಟು ಗಂಟೆಗೆ ಇಡೀ ದೇಶ ಗೆಲ್ಲಿಸು ಅನ್ನುವಾಗ
ಸೋಲಿಸಪ್ಪಾ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.
ನಾಲ್ಕೂವರೆ ಕೋಟಿಗೆ ಒಂದು. ಗೊತ್ತು.
ಗೊತ್ತಿದ್ದೂ ವಾರವಾರವೂ ಆ ಒಂದನ್ನು ನಂಬಿದವಳಿಗೆ
ಅವತ್ತು ನಾಲ್ಕೂವರೆ ಕೋಟಿಯ ಮೇಲೆ ನಂಬಿಕೆ ಬರಲಿಲ್ಲ.

ಗಾಜಿನ ಹೊಟ್ಟೆಯೊಳಗೆ ಚೆಂಡುಗಳು ಅರಳು ಹುರಿದಂತೆ ಸಿಡಿದವು.
ಮೊದಲನೆಯದು ಎಂಟು.
ಅಜ್ಜಿ ನೆಲ ತಟ್ಟಿದಳು.
ಎರಡನೆಯದು ಮೂವತ್ತಮೂರು.
ಪಾಲೀನಳ ದೋಣಿ ಬಂದರಿಗೆ ಬಂತು.
ಇಲ್ಜೆ, ತಾಯಿ, ನಿನ್ನ ಟ್ರಾಮು ಎಲ್ಲಿದೆಯೋ ಅಲ್ಲೇ ನಿಲ್ಲಲಿ.
ಮೂರನೆಯದು ಹದಿನಾಲ್ಕು. ಯಾರದೂ ಅಲ್ಲ!
ಟೀವಿಗೆ ಮುತ್ತಿಡುವುದೊಂದು ಬಾಕಿ.
ಉಳಿದ ಮೂರೂ ಬೇರೆ ಯಾರವೋ ಹುಟ್ಟುಹಬ್ಬ.

ಆದರೆ ಯಂತ್ರ ಆರಿಸಬೇಕಿದ್ದ ಆ ಎರಡು ಸಾಲು?
ಅವು ಹುಟ್ಟಲೇ ಇಲ್ಲ.
ಹುಟ್ಟಿದ್ದರೆ ಏನಾಗಿರುತ್ತಿದ್ದವು ಎಂದು
ಯಾವ ಲೆಕ್ಕದವನೂ ಹೇಳಲಾರ.

ಸೋಮವಾರ ಇಲ್ಜೆ ಕೇಳಿದಳು:
ಎರಡು ಹೊಂದಿದರೆ ಇನ್ನೊಂದು ಪುಕ್ಕಟೆ, ಅಲ್ಲವೇ?
ಹೌದಲ್ಲ, ಅಂದೆ. ನನ್ನ ದುಡ್ಡಿನಲ್ಲೇ ತಂದುಕೊಟ್ಟೆ.
ಅದಕ್ಕೂ ಏನೂ ಬರಲಿಲ್ಲ.
ಅವರ ಆರು ಪೌಂಡು ಇನ್ನೂ ಹಳೆಯ ಕೋಟಿನಲ್ಲಿದೆ,
ಐದು ಅವರದು, ಒಂದು ನನ್ನದು, ಯಾವುದು ಯಾವುದೋ.

ಮಂಜಿನಲ್ಲಿ ಮೀನು ಹಿಡಿದು ಹಿಡಿದು ಬೆರಳು ಮರಗಟ್ಟಿದಾಗ
ಆ ಹುಡುಗ ನೆನಪಾಗುತ್ತಾನೆ.
ಊರಿಗೆಲ್ಲ ಅದೃಷ್ಟ ಹಂಚಿ ಮುಗಿದ ಸಂಜೆ
ಎಡಗೈ ಈಚೆ ತೆಗೆದು
ಜೋಮು ಇಳಿಯುವ ತನಕ
ಒಬ್ಬನೇ ಉಜ್ಜಿಕೊಳ್ಳುತ್ತಿದ್ದನೋ ಏನೋ.